ಐದು ಬೇಸಿಗೆ ದಾಟಿದ ನನ್ನ ಕೂಲಿಂಗ್ ಗ್ಲಾಸ್

ಆಮೆ ಚಿಪ್ಪಿನ ಬಣ್ಣದ ದಪ್ಪ ಅಸಿಟೇಟ್ ಫ್ರೇಮು, ಕಡು ಹಸಿರು ಪೋಲರೈಸ್ಡ್ ಲೆನ್ಸು. ಐದು ವರ್ಷದಿಂದ ಬಿಸಿಲಿಗೆ ಹೊರಟಾಗಲೆಲ್ಲ ನಾನು ಹಾಕಿಕೊಳ್ಳುವುದು ಇದನ್ನೇ. ಕೊಳ್ಳುವಾಗ ಮನಸೋತದ್ದು ಅಂದಕ್ಕೆ. ಆದರೆ ಇಷ್ಟು ಕಾಲ ಇದು ನನ್ನ ಜೊತೆ ಉಳಿದದ್ದು ಕನ್ನಡಿ ಮುಂದೆ ನಿಂತಾಗ ಕಣ್ಣಿಗೆ ಬೀಳದ ಭಾಗಗಳಿಂದ.

ಮೊದಲನೆಯದು ಅಳತೆ. ಕಡ್ಡಿಯ ಒಳಮೈಯಲ್ಲಿ 52-18-145 ಎಂದು ಅಚ್ಚಾಗಿದೆ. ಒಂದು ಲೆನ್ಸಿನ ಅಗಲ 52 ಮಿ.ಮೀ., ಮೂಗಿನ ಮೇಲೆ ಎರಡು ಲೆನ್ಸಿನ ನಡುವಿನ ಅಂತರ 18, ಕಡ್ಡಿಯ ಉದ್ದ 145. ಇದಕ್ಕೂ ಮುಂಚೆ 58ರ ದೊಡ್ಡ ಫ್ರೇಮ್ ಒಂದಿತ್ತು, ಅರ್ಧ ಮುಖ ಮುಚ್ಚುವಂಥದ್ದು. ನಕ್ಕರೆ ಕೆನ್ನೆ ತಾಗಿ ಮೇಲೇಳುತ್ತಿತ್ತು, ಬಗ್ಗಿದರೆ ಜಾರುತ್ತಿತ್ತು. ಆರು ತಿಂಗಳಲ್ಲಿ ಡಬ್ಬಿ ಸೇರಿತು. ಆಮೇಲೆ ಫ್ಯಾಷನ್ನಿಗೆಂದು ತೆಗೆದುಕೊಂಡ ಕಿರಿದಾದ ಅಂಡಾಕಾರದ್ದೂ ಅಷ್ಟೇ. ನೋಡಲು ಚೆಂದ, ಆದರೆ ಮೇಲಿನಿಂದ ಬಿಸಿಲು ನೇರ ಕಣ್ಣಿಗೇ ಬೀಳುತ್ತಿತ್ತು.

ಅಸಿಟೇಟ್ ಬಗ್ಗೆ ನನಗೆ ತುಂಬ ಅಕ್ಕರೆ. ಮರದ ತಿರುಳು, ಹತ್ತಿಯ ನಾರಿನಿಂದ ಬರುವ ಈ ವಸ್ತುವಿನಲ್ಲಿ ಬಣ್ಣ ಮೇಲೆ ಬಳಿದದ್ದಲ್ಲ, ಒಳಗೆಲ್ಲ ಹರಡಿರುತ್ತದೆ. ಹಾಗಾಗಿ ಗೀರು ಬಿದ್ದರೂ ಬಣ್ಣ ಎದ್ದುಬರುವುದಿಲ್ಲ. ಹದವಾಗಿ ಬಿಸಿ ಮಾಡಿದರೆ ಬಾಗುತ್ತದೆ. ಕನ್ನಡಕದವರು ನನ್ನ ಎಡಗಿವಿಗೆ ಸರಿಯಾಗಿ ಕಡ್ಡಿಯನ್ನು ತಿದ್ದಿಕೊಟ್ಟದ್ದು ಹೀಗೆಯೇ. ಮೂರನೇ ವರ್ಷ ಬೆವರು, ಸನ್‌ಸ್ಕ್ರೀನ್ ತಾಗುವ ಜಾಗವೆಲ್ಲ ಬೆಳ್ಳಗೆ ಮಂಕಾಯಿತು. ಪಾಲಿಶ್ ಮಾಡಿಸಿದ ಮೇಲೆ ಹೊಳಪು ಮರಳಿತು. ಈಗ ಮನೆಗೆ ಬಂದ ತಕ್ಷಣ ತಣ್ಣೀರಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿಡುತ್ತೇನೆ.

ಲೆನ್ಸಿನ ವಿಷಯದಲ್ಲಿ ಹಲವರು ಎಡವುವುದು ಕಪ್ಪು ಬಣ್ಣ ಕಂಡು. ಕಪ್ಪಿಗೂ ನೇರಳಾತೀತ ಕಿರಣ ತಡೆಯುವುದಕ್ಕೂ ಸಂಬಂಧವಿಲ್ಲ. ಯುವಿ400 ಎಂದರೆ 400 ನ್ಯಾನೊಮೀಟರ್‌ವರೆಗಿನ ಕಿರಣಗಳಿಗೆ ತಡೆ. ತಿಳಿ ಹಳದಿ ಲೆನ್ಸಿಗೂ ಅದು ಸಾಧ್ಯ. ಆ ತಡೆಯಿಲ್ಲದ ಕಪ್ಪು ಗಾಜಂತೂ ಅಪಾಯ: ಕತ್ತಲೆಂದು ಕಣ್ಣಿನ ಪಾಪೆ ಹಿಗ್ಗುತ್ತದೆ, ಕಿರಣಗಳಿಗೆ ದಾರಿ ಇನ್ನಷ್ಟು ತೆರೆದುಕೊಳ್ಳುತ್ತದೆ. ಲೆನ್ಸು ಎಷ್ಟು ಬೆಳಕು ಬಿಡುತ್ತದೆ ಎಂಬುದರ ಮೇಲೆ ಮಾಡುವ ವರ್ಗಗಳಲ್ಲಿ ನನ್ನದು ಮೂರನೆಯದು, ಎಂದರೆ 8ರಿಂದ 18 ಶೇಕಡಾ ಬೆಳಕನ್ನಷ್ಟೇ ಬಿಡುವಂಥದ್ದು. ನಾಲ್ಕನೇ ವರ್ಗ ಇನ್ನೂ ಗಾಢ. ಅದನ್ನು ಹಾಕಿಕೊಂಡು ವಾಹನ ಓಡಿಸಬಾರದು. ಮಳೆ ನಿಂತ ಮೇಲೆ ಒದ್ದೆ ರಸ್ತೆಯ ಮೇಲಿನ ಕೋರೈಸುವ ಹೊಳಪನ್ನು ಪೋಲರೈಸ್ಡ್ ಲೆನ್ಸ್ ನುಂಗಿಬಿಡುತ್ತದೆ, ಆ ಹಿತ ಮಾತಿಗೆ ಸಿಗುವಂಥದ್ದಲ್ಲ. ಆದರೆ ಮೊಬೈಲನ್ನು ಅಡ್ಡ ತಿರುಗಿಸಿದರೆ ಪರದೆ ಪೂರ್ತಿ ಕಪ್ಪು. ಇದಕ್ಕೆ ನಾನು ಇನ್ನೂ ಒಗ್ಗಿಕೊಂಡಿಲ್ಲ.

ನಾಲ್ಕನೇ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಇದನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮರೆತೆ. ಸಂಜೆ ನೋಡಿದರೆ ಲೆನ್ಸಿನ ಲೇಪನ ಜೇಡರ ಬಲೆಯಂತೆ ಬಿರುಕು ಬಿಟ್ಟಿತ್ತು. ಕಾವಿಗೆ ಲೆನ್ಸು ಹಿಗ್ಗಿದಷ್ಟು ಅದರ ಮೇಲಿನ ಲೇಪನ ಹಿಗ್ಗುವುದಿಲ್ಲ. ತಪ್ಪು ನನ್ನದೇ. ಆದರೆ ಹೊಸ ಲೆನ್ಸ್ ಕೇಳಿದಾಗ ತಯಾರಕರು, ಆ ವಿನ್ಯಾಸ ನಿಂತುಹೋಗಿದೆ, ಬಿಡಿಭಾಗ ಸಿಗುವುದಿಲ್ಲ ಎಂದುಬಿಟ್ಟರು. ಡಿಸೈನರ್ ಕನ್ನಡಕದ ಬಗ್ಗೆ ನನಗಿರುವ ನಿಜವಾದ ಸಿಟ್ಟು ಇದೊಂದೇ. ಕೊನೆಗೆ ಕನ್ನಡಕದವರೇ ಫ್ರೇಮಿನ ಆಕಾರ ತೆಗೆದುಕೊಂಡು ಅದಕ್ಕೆ ಕೂರುವಂತೆ ಹೊಸ ಲೆನ್ಸ್ ಕತ್ತರಿಸಿ ಕೊಟ್ಟರು. ಕೊಳ್ಳುವ ಮುಂಚೆಯೇ ಲೆನ್ಸ್ ಬದಲಿಸಲು ಬರುತ್ತದೆಯೇ ಎಂದು ಕೇಳಿಬಿಡಿ.

ಫ್ಯಾಷನ್ ಎಲ್ಲಿಗೆ ಹೊರಟಿದೆ ಎಂದು ನಾನೂ ಆಸೆಯಿಂದ ನೋಡುತ್ತಿರುತ್ತೇನೆ. ವೆನಿಸ್‌ನ ಮುಖವಾಡ ನೋಡಿ 1930ರ ದಶಕದಲ್ಲಿ ಅಮೆರಿಕದ ವಿನ್ಯಾಸಕಿ ಆಲ್ಟೀನಾ ಶಿನಾಸಿ ರೂಪಿಸಿದ ಮೊನಚು ತುದಿಯ ಬೆಕ್ಕಿನ ಕಣ್ಣಿನ ಫ್ರೇಮು ಇವತ್ತಿಗೂ ಹೊಸದಾಗಿಯೇ ಕಾಣುತ್ತದೆ. ರೇ-ಬ್ಯಾನ್ ಕಂಪನಿಯ 1952ರ ವೇಫೇರರ್ ಫ್ರೇಮು ಕೂಡ ಹಾಗೆಯೇ. ಮುಂದಿನದು ಬೆಕ್ಕಿನ ಕಣ್ಣಿನದೇ ಎಂದು ಮನಸ್ಸು ಮಾಡಿದ್ದೇನೆ, 52ರ ಅಳತೆಯಲ್ಲಿ ಸಿಕ್ಕರೆ ಮಾತ್ರ. ಸದ್ಯಕ್ಕೆ ಇದರ ಬಲಗಡೆಯ ಕೀಲಿನ ಸ್ಕ್ರೂ ಮತ್ತೆ ಸಡಿಲವಾಗಿದೆ. ಬಿಗಿ ಮಾಡಿ, ಸ್ಕ್ರೂವಿನ ತಲೆಯ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಹಚ್ಚಬೇಕು.