ಮೊದಲು ಯಾವುದು ನೋಡಬೇಕು: ‘ದೃಶ್ಯಂ’ ಅಥವಾ ‘ದೃಶ್ಯ’?

ನಮ್ಮ ಮನೆ ಪೆರ್ಲದಲ್ಲಿ. ಒಳಗೆ ಕನ್ನಡ, ಗೇಟು ದಾಟಿದರೆ ತುಳು, ಕಾಸರಗೋಡಿಗೆ ಬಸ್ಸು ಹತ್ತಿದರೆ ಮಲಯಾಳ. ಹಾಗಾಗಿ ಒಂದೇ ಸಿನಿಮಾ ಎರಡು ಭಾಷೆಯಲ್ಲಿ ಬಂದರೆ ಯಾವುದನ್ನು ನೋಡುವುದು ಎಂಬ ಚರ್ಚೆ ನಮ್ಮಲ್ಲಿ ಜಾಸ್ತಿ. ಕಳೆದ ಮಳೆಗಾಲದಲ್ಲಿ ಒಂದು ಶನಿವಾರ ಮಲಯಾಳದ ‘ದೃಶ್ಯಂ’ ಹಾಕಿದೆ, ಮರುದಿನ ಕನ್ನಡದ ‘ದೃಶ್ಯ’. ನಾನು ಎರಡನ್ನೂ ಮೊದಲೇ ನೋಡಿದ್ದೆ. ಜೊತೆಗೆ ಕೂತ ಅತ್ತಿಗೆಗೆ ಎರಡೂ ಹೊಸತು. ಅವರು ಸಾಗರದವರು. ತರಕಾರಿ ಅಂಗಡಿಗೆ ಸಾಕಾಗುವಷ್ಟು ಮಲಯಾಳ ಕಲಿತಿದ್ದಾರೆ, ಸಿನಿಮಾದ ವೇಗಕ್ಕೆ ಅದು ಸಾಲದು.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಕೇಬಲ್ ಟಿವಿ ನಡೆಸುವ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಒಬ್ಬ ಮನುಷ್ಯ. ಸಿನಿಮಾ ನೋಡುವುದೇ ಅವನ ಹುಚ್ಚು. ಮನೆಗೆ ಒಂದು ದೊಡ್ಡ ಆಪತ್ತು ಬರುತ್ತದೆ, ಪೊಲೀಸರು ಬರುತ್ತಾರೆ. ಕೊನೆಯನ್ನು ನಾನು ಹೇಳುವುದಿಲ್ಲ.

ಮಲಯಾಳದ್ದು ಜೀತು ಜೋಸೆಫ್ ಬರೆದು ನಿರ್ದೇಶಿಸಿದ್ದು, ಬಂದದ್ದು 2013ರ ಡಿಸೆಂಬರಿನಲ್ಲಿ. ಅದರ ಮೊದಲ ಭಾಗ ನಿಧಾನ ಅಂತ ತುಂಬಾ ಜನ ದೂರುತ್ತಾರೆ. ನನಗೆ ಆ ನಿಧಾನವೇ ಸಿನಿಮಾದ ಜೀವ. ಮೋಹನ್‌ಲಾಲ್‌ನ ಜಾರ್ಜ್‌ಕುಟ್ಟಿ ಖರ್ಚಿಗೆ ಹಿಂದೆಮುಂದೆ ನೋಡುತ್ತಾನೆ, ಹೆಂಡತಿ ಜೊತೆ ಜಗಳ ಆಡುತ್ತಾನೆ, ರಾತ್ರಿಯಿಡೀ ಆಫೀಸಿನಲ್ಲಿ ಸಿನಿಮಾ ನೋಡುತ್ತಾನೆ. ನಮ್ಮ ಜಿಲ್ಲೆಯಲ್ಲೂ ರಾಜಪುರ, ವೆಳ್ಳರಿಕುಂಡು ಕಡೆ ತೆಂಕಣ ಕೇರಳದಿಂದ ಬಂದು ರಬ್ಬರ್ ಹಾಕಿದ, ಜಾರ್ಜ್‌ಕುಟ್ಟಿಯದರಂಥ ಕ್ರೈಸ್ತ ಕುಟುಂಬಗಳಿವೆ. ಆ ಮನೆಯ ಊಟ, ಮಾತು, ಇಗರ್ಜಿ, ಎಲ್ಲ ನಮಗೆ ನೋಡಿ ಗೊತ್ತು. ಹಾಗಾಗಿ ಅವನು ನೆರೆಮನೆಯವನೇ ಅನಿಸಿಬಿಡುತ್ತಾನೆ. ಆಮೇಲೆ ಅವನು ಹೇಳುವ ಸುಳ್ಳನ್ನು ನಾವೂ ನಂಬಬೇಕು ಅನ್ನಿಸುತ್ತದೆ. ತೊಡುಪುಳ ಪೇಟೆಗೆ ಧ್ಯಾನಕ್ಕೆ, ಅಂದರೆ ಕ್ರೈಸ್ತರ ಪ್ರಾರ್ಥನಾ ಶಿಬಿರಕ್ಕೆ, ಹೋಗಿದ್ದೆವು ಎನ್ನುವುದು ಆ ಮನೆಗೆ ಎಷ್ಟು ಸಹಜ! ಬಸ್ಸಿನ ಕಂಡಕ್ಟರ್, ಟಾಕೀಸಿನ ಆಪರೇಟರ್, ಇವರ ತಲೆಯಲ್ಲಿ ಒಂದು ತಾರೀಕನ್ನು ಅವನು ಕೂರಿಸುವ ರೀತಿ ಇದೆಯಲ್ಲ, ಅದನ್ನು ಹತ್ತು ಸಲ ನೋಡಿದರೂ ನನಗೆ ಬೇಜಾರಿಲ್ಲ.

ಆದರೆ ಅತ್ತಿಗೆಗೆ ಇದೆಲ್ಲ ಮುಟ್ಟಲೇ ಇಲ್ಲ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಓಡುತ್ತಿತ್ತು, ಕಣ್ಣು ಅಲ್ಲೇ. ಪೊಲೀಸರು ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳುವಾಗ ಚಿಕ್ಕ ಮಗಳ ಮುಖ ನೋಡಬೇಕು, ಹೆಂಡತಿಯ ಪಾತ್ರದ ಮೀನಾ ಉತ್ತರಕ್ಕೆ ಮುಂಚೆ ತಡೆಯುವುದನ್ನು ನೋಡಬೇಕು. “ತಡೆ ಮಾರಾಯ, ಓದಿ ಮುಗೀಲಿಲ್ಲ” ಅಂದರು ಅತ್ತಿಗೆ. ರಿಮೋಟ್ ಹಿಡಿದು ನಾಲ್ಕು ಸಲ ನಿಲ್ಲಿಸಿದೆ. ಥ್ರಿಲ್ಲರನ್ನು ಹಾಗೆ ನಿಲ್ಲಿಸಿದರೆ ಬಿಗಿಯೇ ಹೋಗುತ್ತದೆ, ಅಲ್ವಾ?

ಭಾನುವಾರ ಪಿ. ವಾಸು ಅವರ ‘ದೃಶ್ಯ’, 2014ರದ್ದು. ಕೊನೆ ಗೊತ್ತಿದ್ದೂ ಅತ್ತಿಗೆ ಕುರ್ಚಿಯ ತುದಿಗೆ ಬಂದಿದ್ದರು. ಹಿಂದಿನ ದಿನ ತಪ್ಪಿಹೋದ ಮುಖಗಳೆಲ್ಲ ಈಗ ಸಿಕ್ಕವು. ರವಿಚಂದ್ರನ್ ನನಗೆ ಆಶ್ಚರ್ಯ ತಂದರು. ಅವರ ಸಿನಿಮಾ ಅಂದರೆ ಹಾಡು, ಹೂವು, ಬಣ್ಣ ಎಂದುಕೊಂಡು ಬೆಳೆದವನು ನಾನು. ಇಲ್ಲಿ ಅದೆಲ್ಲವನ್ನೂ ಬದಿಗಿಟ್ಟು ಅಪ್ಪನಾಗಿ ಕೂತಿದ್ದಾರೆ. ಆದರೂ ಅವರ ರಾಜೇಂದ್ರ ಪೊನ್ನಪ್ಪ ಬುದ್ಧಿವಂತ ಅಂತ ಮೊದಲೇ ಗೊತ್ತಾಗಿಬಿಡುತ್ತದೆ. ಮೋಹನ್‌ಲಾಲ್ ಮುಖದಲ್ಲಿ ಏನೂ ಓದಲಾಗುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇದೇ. ಕಾನ್ಸ್‌ಟೇಬಲ್ ಪಾತ್ರದಲ್ಲಿ ಮಾತ್ರ ಮಲಯಾಳದ ಕಲಾಭವನ್ ಶಾಜೋನ್, ಕನ್ನಡದ ಅಚ್ಯುತ್ ಕುಮಾರ್ ಇಬ್ಬರಲ್ಲಿ ಒಬ್ಬರನ್ನು ಆರಿಸಲು ನನ್ನಿಂದ ಆಗದು. ಶಾಜೋನ್ ಮೇಲೆ ಸಿಟ್ಟು ಬಂತು, ಅಚ್ಯುತ್ ಕುಮಾರ್‌ಗೆ ಹೆದರಿದೆ.

ಪೊಲೀಸ್ ಅಧಿಕಾರಿಯಾಗಿ ಎರಡರಲ್ಲೂ ಆಶಾ ಶರತ್. ಅದೇ ನಟಿ, ಅದೇ ಪಾತ್ರ, ಭಾಷೆ ಮಾತ್ರ ಬೇರೆ. ಹೋಲಿಸುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಮಲಯಾಳದಲ್ಲಿ ಅವರು ಸುಮ್ನೆ ನಿಂತರೂ ಎದೆ ಢವಢವ. ಕನ್ನಡದಲ್ಲಿ ನನಗೆ ಅಧಿಕಾರಿಗಿಂತ ತಾಯಿ ಹೆಚ್ಚು ಕಂಡಳು. ಮಗ ಕಾಣೆಯಾದ ಸಂಕಟ ಅಲ್ಲಿ ಬೇಗ ತಟ್ಟುತ್ತದೆ.

2015ರ ಹಿಂದಿಯದನ್ನೂ ನೋಡಿದ್ದೇನೆ. ತಬು ಬಹಳ ಚೆನ್ನಾಗಿದ್ದಾರೆ. ಅಜಯ್ ದೇವಗನ್ ನಿಂತ ಭಂಗಿಯಲ್ಲೇ ‘ಇವನು ಗೆಲ್ಲುತ್ತಾನೆ’ ಅನಿಸುತ್ತದೆ, ಭಯ ಹುಟ್ಟುವುದಿಲ್ಲ.

ಮಲಯಾಳ ಕಿವಿಗೆ ನೇರ ಬೀಳುವವರು ‘ದೃಶ್ಯಂ’ ಬಿಟ್ಟು ಬೇರೆ ಕಡೆ ಹೋಗಬೇಡಿ. ಬಾರದವರಿಗೆ ನಾನು ಮಾಡಿದ ಕ್ರಮ ತಪ್ಪು, ಕನ್ನಡವೇ ಮೊದಲಾಗಬೇಕಿತ್ತು. ಗುಟ್ಟು ಒಡೆಯುವ ಕ್ಷಣ ಒಮ್ಮೆ ಮಾತ್ರ ಸಿಗುತ್ತದೆ. ಅದನ್ನು ಓದುತ್ತಾ ಕಳೆಯಬಾರದು. ಆಮೇಲೆ ಸಬ್‌ಟೈಟಲ್ ಬಂದ್ ಮಾಡಿ ಮಲಯಾಳ ನೋಡಿದರೆ ಕಣ್ಣು ನಟರ ಮೇಲೇ ಇರುತ್ತದೆ.

ಎರಡನೇ ಭಾಗವೂ ಎರಡು ಭಾಷೆಯಲ್ಲಿದೆ. ಮಲಯಾಳದ್ದು 2021ರ ಫೆಬ್ರವರಿಯಲ್ಲಿ ನೇರ ಅಮೆಜಾನ್ ಪ್ರೈಮ್‌ಗೆ ಬಂತು, ಕನ್ನಡದ್ದು ಅದೇ ವರ್ಷ ಡಿಸೆಂಬರಿನಲ್ಲಿ ಥಿಯೇಟರಿಗೆ. ಈ ಸಲ ಅತ್ತಿಗೆಯೇ ತೀರ್ಮಾನಿಸಿದ್ದಾರೆ. ಶನಿವಾರ ಕನ್ನಡ, ಭಾನುವಾರ ಮಲಯಾಳ, ರಿಮೋಟ್ ಅವರ ಕೈಯಲ್ಲಿ.