ಕಿಂಗ್‌ಸ್ಟನ್ 8 ಜಿಬಿ ಡಿಡಿಆರ್3 ರ‍್ಯಾಮ್: ಎಚ್61 ಬೋರ್ಡಿಗೆ ಧಾರಾಳವಾಗಿ ಹಾಕಿ, ಜಿ41 ಬೋರ್ಡಿಗೆ ಬೇಡ

ಕಿಂಗ್‌ಸ್ಟನ್ ವ್ಯಾಲ್ಯೂರ‍್ಯಾಮ್ ಸಾಲಿನ ಕೆವಿಆರ್16ಎನ್11/8 ಸ್ಟಿಕ್ಕಿಗೆ ಹೀಟ್ ಸ್ಪ್ರೆಡರ್ (ಶಾಖ ಹರಡುವ ಲೋಹದ ಕವಚ) ಇಲ್ಲ, ಬಣ್ಣದ ದೀಪ ಇಲ್ಲ. ಎರಡೂ ಬದಿಗೆ ಎಂಟೆಂಟು ಕಪ್ಪು ಚಿಪ್, ಮೇಲೊಂದು ಬಿಳಿ ಲೇಬಲ್, ಅಷ್ಟೇ. 8 ಜಿಬಿ, ಡಿಡಿಆರ್3, 1600 ವೇಗ, ಸಿಎಲ್11 (ಉತ್ತರ ಕೊಡಲು ತಗಲುವ ವಿಳಂಬದ ಅಳತೆ), 1.5 ವೋಲ್ಟ್. ಇಂಟೆಲ್ ಎರಡರಿಂದ ನಾಲ್ಕನೇ ತಲೆಮಾರಿನ ಡೆಸ್ಕ್‌ಟಾಪ್‌ಗಳಿಗೆ, ಅಂದರೆ ಎಚ್61, ಬಿ75, ಎಚ್81ರಂಥ ಮದರ್‌ಬೋರ್ಡುಗಳಿಗೆ, ಇದಕ್ಕಿಂತ ನೆಚ್ಚಿಕೆಯ ಆಯ್ಕೆ ಹುಡುಕಬೇಕಿಲ್ಲ. ಅದಕ್ಕೂ ಹಿಂದಿನ ಜಿ41 ಬೋರ್ಡಿಗೆ ಮಾತ್ರ ಇದನ್ನು ಕೊಳ್ಳಲೇಬೇಡಿ. ಸ್ಲಾಟಿನಲ್ಲಿ ಟಕ್ಕೆಂದು ಕೂರುತ್ತದೆ, 240 ಪಿನ್ನೂ ಸರಿಹೊಂದುತ್ತದೆ, ಫ್ಯಾನೂ ತಿರುಗುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ.

ತಪ್ಪು ಸ್ಟಿಕ್ಕಿನದಲ್ಲ. ಗ್ರಾಹಕರೂ ಎಷ್ಟೋ ಅಂಗಡಿಯವರೂ ನೋಡುವುದು ಎರಡೇ ಸಂಗತಿ: ಡಿಡಿಆರ್3 ಹೌದೋ ಅಲ್ಲವೋ, ಎಷ್ಟು ಜಿಬಿ. ಹಳೆಯ ಬೋರ್ಡಿನಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುವುದು ಒಂದೊಂದು ಚಿಪ್ಪಿನೊಳಗೆ ಎಷ್ಟು ತುಂಬಿದೆ ಎಂಬುದು. ಈ ಸ್ಟಿಕ್ಕಿನಲ್ಲಿರುವುದು 4 ಗಿಗಾಬಿಟ್ ಚಿಪ್. ಒಂದು ಚಿಪ್ ಎಂದರೆ 512 ಎಂಬಿ, ಹದಿನಾರು ಸೇರಿ 8 ಜಿಬಿ. ಜಿ41 ಚಿಪ್‌ಸೆಟ್ (ಬೋರ್ಡಿನ ಮುಖ್ಯ ನಿಯಂತ್ರಕ ಚಿಪ್) ಗುರುತಿಸುವುದು 2 ಗಿಗಾಬಿಟ್ ಚಿಪ್‌ವರೆಗೆ ಮಾತ್ರ. 4 ಗಿಗಾಬಿಟ್ ಚಿಪ್ಪಿನ ಎಲ್ಲ ಸಾಲುಗಳನ್ನೂ ತಲುಪಲು ಇನ್ನೊಂದು ಅಡ್ರೆಸ್ ಬಿಟ್ ಬೇಕು. ಆ ಚಿಪ್‌ಸೆಟ್ಟಿನೊಳಗಿನ ಮೆಮೊರಿ ಕಂಟ್ರೋಲರಿಗೆ ಅದನ್ನು ಬಳಸಲು ಬಾರದು. ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡಿದರೂ ಇದು ಬದಲಾಗುವುದಿಲ್ಲ.

ಇದೇ ಕಾರಣಕ್ಕೆ 4 ಜಿಬಿ ಸ್ಟಿಕ್ ಕೊಳ್ಳುವವರೂ ಎಡವುತ್ತಾರೆ. ಕಿಂಗ್‌ಸ್ಟನ್ನಿನದೇ ಎರಡು ಸ್ಟಿಕ್ ತೆಗೆದುಕೊಳ್ಳಿ. ಕೆವಿಆರ್16ಎನ್11ಎಸ್8/4ರಲ್ಲಿ ಇರುವುದು ಎಂಟೇ ಚಿಪ್, ಒಂದೊಂದೂ 4 ಗಿಗಾಬಿಟ್. ಲೇಬಲಿನ ಭಾಷೆಯಲ್ಲಿ 1ಆರ್‌ಎಕ್ಸ್8, ಅಂದರೆ ಒಮ್ಮೆಗೆ ಎಂಟು ಬಿಟ್ ಕೊಡುವ ಚಿಪ್ಪುಗಳ ಒಂದು ತಂಡ. ಹಳೆಯ ಕೆವಿಆರ್1333ಡಿ3ಎನ್9/4ಜಿಯಲ್ಲಿ ಹದಿನಾರು ಚಿಪ್, ಒಂದೊಂದೂ 2 ಗಿಗಾಬಿಟ್, ಅದು 2ಆರ್‌ಎಕ್ಸ್8. ಎರಡೂ 4 ಜಿಬಿಯೇ. ಜಿ41ರಲ್ಲಿ ಮೊದಲನೆಯದು ಒಂದೋ 2 ಜಿಬಿ ಎಂದು ತೋರಿಸುತ್ತದೆ, ಇಲ್ಲವೇ ಏಳುವುದೇ ಇಲ್ಲ. ಎರಡನೆಯದನ್ನು ಜೋಡಿಯಾಗಿ ಹಾಕಿದರೆ ಆ ಚಿಪ್‌ಸೆಟ್ಟಿನ ಗರಿಷ್ಠ ಮಿತಿಯಾದ 8 ಜಿಬಿ ಸಿಗುತ್ತದೆ. ಆದ್ದರಿಂದ ಜಿ41 ಬೋರ್ಡಿನಲ್ಲಿ ಕೋರ್ 2 ಡ್ಯುಯೊ ಪ್ರೊಸೆಸರ್ ಇಟ್ಟುಕೊಂಡವರು ಅಂಗಡಿಯಲ್ಲಿ "4 ಜಿಬಿ ಕೊಡಿ" ಎನ್ನಬೇಡಿ, "ಎರಡೂ ಕಡೆ ಚಿಪ್ ಇರೋದು ಕೊಡಿ" ಎನ್ನಿ. ಜಿ41 ಬೋರ್ಡುಗಳಲ್ಲಿ ಡಿಡಿಆರ್2 ಸ್ಲಾಟಿನವೂ ಇವೆ. ಅದಕ್ಕೂ 240 ಪಿನ್ನೇ, ನಡುವಿನ ಕಚ್ಚು ಮಾತ್ರ ಬೇರೆ ಜಾಗದಲ್ಲಿ. ಒತ್ತಿ ತುರುಕಲು ಹೋಗಬೇಡಿ.

ಇನ್ನೊಂದು ಬಲೆ ಇದಕ್ಕಿಂತ ಕೆಟ್ಟದ್ದು. ಆನ್‌ಲೈನಿನಲ್ಲಿ ಹೆಸರೇ ಕೇಳದ ಬ್ರ್ಯಾಂಡಿನ 8 ಜಿಬಿ ಡಿಡಿಆರ್3 ತೀರಾ ಅಗ್ಗವಾಗಿ ಕಂಡರೆ ವಿವರಣೆಯನ್ನು ಕೊನೆಯವರೆಗೂ ಓದಿ. ಎಲ್ಲೋ ಸಣ್ಣಕ್ಷರದಲ್ಲಿ "ಎಎಂಡಿಗೆ ಮಾತ್ರ" ಎಂದಿರುತ್ತದೆ. ಅದರಲ್ಲೂ ಹದಿನಾರು ಚಿಪ್ ಇರುವುದರಿಂದ ನೋಡಲು ಕಿಂಗ್‌ಸ್ಟನ್ನಿನಂತೆಯೇ ಕಾಣುತ್ತದೆ. ಒಳಗಿನ ಚಿಪ್ ಎಕ್ಸ್8 ಅಲ್ಲ, ಎಕ್ಸ್4: ಒಮ್ಮೆಗೆ ಎಂಟರ ಬದಲು ನಾಲ್ಕೇ ಬಿಟ್ ಕೊಡುವಂಥದ್ದು. ಇಂಟೆಲ್ ಡೆಸ್ಕ್‌ಟಾಪ್ ಕಂಟ್ರೋಲರುಗಳು ಎಕ್ಸ್4 ಚಿಪ್ ಒಪ್ಪುವುದಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ಚಿಪ್ ಮೇಲಿನ ಬರಹ ಓದಿ. ಸ್ಯಾಮ್‌ಸಂಗ್ ಚಿಪ್ಪಾದರೆ ಕೆ4ಬಿ4ಜಿ ಆದಮೇಲೆ 08 ಇದ್ದರೆ ಎಕ್ಸ್8, 04 ಇದ್ದರೆ ಎಕ್ಸ್4. ಹೈನಿಕ್ಸ್ ಆದರೆ ಎಚ್5ಟಿಕ್ಯೂ4ಜಿ ಆದಮೇಲೆ 83 ಬೇಕು, 43 ಇದ್ದರೆ ವಾಪಸ್ ಕೊಡಿ. ಸರ್ವರಿನಿಂದ ಬಿಚ್ಚಿದ ಸ್ಟಿಕ್ಕುಗಳೂ ಇದೇ ರೀತಿ ಅಗ್ಗಕ್ಕೆ ಸಿಗುತ್ತವೆ. ಲೇಬಲಿನಲ್ಲಿ ಪಿಸಿ3-10600 ಅಥವಾ 12800 ಆದಮೇಲೆ ಆರ್ ಅಕ್ಷರವಿದ್ದರೆ ಅದು ರಿಜಿಸ್ಟರ್ಡ್ ಎಂಬ ಸರ್ವರ್ ಬಗೆ, ಮನೆ ಡೆಸ್ಕ್‌ಟಾಪಿನಲ್ಲಿ ಓಡದು. ನಮಗೆ ಬೇಕಾದದ್ದು ಯು ಅಕ್ಷರದ್ದು.

ವೋಲ್ಟೇಜಿನ ಮಾತೂ ಇದೆ. ಆರನೇ ತಲೆಮಾರಿನ ಎಚ್110 ಬೋರ್ಡುಗಳಲ್ಲಿ ಕೆಲವಕ್ಕೆ ಡಿಡಿಆರ್3ಎಲ್ (ಕಡಿಮೆ ವೋಲ್ಟಿನ ಡಿಡಿಆರ್3) ಸ್ಲಾಟ್ ಇದೆ. ಅಲ್ಲಿಗೆ ಈ 1.5 ವೋಲ್ಟಿನ ಸ್ಟಿಕ್ ಹಾಕಬಾರದು, ಪ್ರೊಸೆಸರಿಗೆ ಹಾನಿಯಾಗಬಹುದು. 1.35 ವೋಲ್ಟಿನ ಕೆವಿಆರ್16ಎಲ್‌ಎನ್11/8 ಕೇಳಿ.

ಇನ್ನು ಎಚ್61ಕ್ಕೆ ಬರೋಣ. ಎರಡು ಸ್ಲಾಟ್, ಗರಿಷ್ಠ 16 ಜಿಬಿ, ಅಂದರೆ ಈ ಸ್ಟಿಕ್ ಎರಡು. ಮೊದಲು ಕಂಪ್ಯೂಟರಿನ ಬಿಡಿಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶ ತೆರೆದು ಬೋರ್ಡಿನ ಮಾಡೆಲ್ಲೂ ಬಯೋಸ್ ತಾರೀಕೂ ಬರೆದಿಟ್ಟುಕೊಳ್ಳಿ. 2011ರ ಬಯೋಸ್ ಇದ್ದರೆ ಹಳೆಯ ರ‍್ಯಾಮ್ ಇರುವಾಗಲೇ ಅಪ್‌ಡೇಟ್ ಮುಗಿಸಿಬಿಡುವುದು ಒಳ್ಳೆಯದು. ಐ5-2400ರಂಥ ಎರಡನೇ ತಲೆಮಾರಿನ ಪ್ರೊಸೆಸರಿನಲ್ಲಿ 1600ರ ಸ್ಟಿಕ್ 1333ರಲ್ಲೇ ಓಡುತ್ತದೆ. ಮಿತಿ ಪ್ರೊಸೆಸರಿನದು, ಮೋಸ ಹೋದೆವೆಂದು ಅಂದುಕೊಳ್ಳಬೇಡಿ. ಹಳೆಯ 2 ಜಿಬಿ ಪಕ್ಕದಲ್ಲಿ ಹೊಸ 8 ಜಿಬಿ ಇಟ್ಟರೂ ನಡೆಯುತ್ತದೆ: 2ಕ್ಕೆ 2 ಡ್ಯುಯಲ್ ಚಾನೆಲ್ (ಎರಡು ದಾರಿಯಲ್ಲಿ ಒಟ್ಟಿಗೆ), ಮಿಕ್ಕ 6 ಜಿಬಿ ಸಿಂಗಲ್. ಆದರೆ ಬೇರೆ ಬೇರೆ ಕಾಲದ ಸ್ಟಿಕ್ ಬೆರೆಸಿದಾಗಲೇ ನೀಲಿ ಪರದೆಯ ಕಾಟ ಜಾಸ್ತಿ. ದುಡ್ಡಿದ್ದರೆ ಜೋಡಿಯನ್ನೇ ಕೊಳ್ಳಿ.

ಹಾಕಿದ ಮೇಲೆ ಡಿಸ್‌ಪ್ಲೇ ಬರದಿದ್ದರೆ ಗಾಬರಿ ಬೇಡ. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಕೊಡವಿ, ಸ್ಲಾಟಿನ ಧೂಳು ಬ್ರಷ್ಷಿನಿಂದ ತೆಗೆಯಿರಿ. ಒಂದೇ ಸ್ಟಿಕ್ಕನ್ನು ಮೊದಲ ಸ್ಲಾಟಿನಲ್ಲಿ, ಆಮೇಲೆ ಎರಡನೆಯದರಲ್ಲಿ ಹಾಕಿ ನೋಡಿ. ಕ್ಲಿಪ್ ತಾನಾಗಿ ಮುಚ್ಚಿಕೊಂಡಿರಬೇಕು. ಆಗಲೂ ಬರದಿದ್ದರೆ ಸಿಆರ್2032 ಸೆಲ್ ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ, ಬಯೋಸ್ ಹಳೆಯ ರ‍್ಯಾಮಿನ ಸೆಟ್ಟಿಂಗ್ ಮರೆಯಲಿ. ಯಾವ ಸ್ಟಿಕ್ ಹಾಕಿದರೂ ಒಂದು ಸ್ಲಾಟ್ ಮಾತ್ರ ಕೆಲಸ ಮಾಡದಿದ್ದರೆ ದೋಷ ರ‍್ಯಾಮಿನದಾಗಿರಲಾರದು. ಪ್ರೊಸೆಸರ್ ಸಾಕೆಟ್ಟಿನ ಪಿನ್ ಬಾಗಿರಬಹುದು, ಇಲ್ಲವೇ ಕೂಲರನ್ನು ಒಂದೇ ಕಡೆ ಬಿಗಿದಿರಬಹುದು; ಆ ಚಾನೆಲಿನ ತಂತಿಗಳೂ ಅದೇ ಸಾಕೆಟ್ಟಿನ ಮೂಲಕವೇ ಹೋಗುತ್ತವೆ.

ಏಳುತ್ತದೆ, ಆದರೆ ವಿಂಡೋಸಿನಲ್ಲಿ ಮೂರೂ ಚಿಲ್ಲರೆ ಜಿಬಿ ಮಾತ್ರ ಕಾಣುತ್ತಿದೆ ಎಂದರೆ 32 ಬಿಟ್ ವಿಂಡೋಸ್ ಇದೆ ಎಂದರ್ಥ. 64 ಬಿಟ್ ಹಾಕಿಸದೆ ಹೊಸ ರ‍್ಯಾಮಿನಿಂದ ಲಾಭವಿಲ್ಲ. ವಿಂಡೋಸ್ 7 ಹೋಮ್ ಬೇಸಿಕ್ 64 ಬಿಟ್ ಆಗಿದ್ದರೂ 8 ಜಿಬಿ ದಾಟುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿರಲಿ, ನಿಮ್ಮೂರಿನ ಅಂಗಡಿಯಲ್ಲಿರಲಿ, ಡಿಡಿಆರ್3 ಎಂದರೆ ಈಗ ಹೆಚ್ಚಾಗಿ ಕೈಗೆ ಬರುವುದು ಬಳಸಿದ ಮಾಲು. ಸಾಧ್ಯವಾದರೆ ಕ್ಯಾಬಿನೆಟ್ಟನ್ನೇ ಒಯ್ದು ಅಲ್ಲೇ ಹಾಕಿಸಿ ನೋಡಿ. ಆಗದಿದ್ದರೆ ಒಂದು ವಾರದೊಳಗೆ ಬದಲಿಸಿಕೊಡುತ್ತೇವೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮನೆಗೆ ಬಂದ ದಿನವೇ ಪೆನ್‌ಡ್ರೈವಿನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ಸ್ಟಿಕ್ಕುಗಳನ್ನು ಒಂದೊಂದಾಗಿ ಹಾಕಿ ಮತ್ತೆ ಓಡಿಸಿ, ತಪ್ಪು ತೋರಿಸಿದ್ದನ್ನು ಬಿಲ್ಲಿನ ಜೊತೆ ಅಂಗಡಿಗೆ ಮರಳಿಸಿ.