ಫೈಬರ್, ಗ್ಯಾಸ್, ಸಿಓಟು: ಒಂದೇ ಪದ್ಮಿನಿಯಲ್ಲಿ ಮೂರು ಥರದ ಜಂಗು ರಿಪೇರಿ

ಹಳೇ ಕಾರಿನ ಬಾಡಿ ಜಂಗು ಹಿಡಿದಿದ್ದರೆ ಕೊಳೆತ ತಗಡನ್ನು ಪೂರ್ತಿ ಕತ್ತರಿಸಿ ತೆಗೆಸಿ, ಆ ಜಾಗಕ್ಕೆ ಹೊಸ ಸಿಆರ್ ಶೀಟ್ (ಕೋಲ್ಡ್ ರೋಲ್ಡ್ ಉಕ್ಕಿನ ತಗಡು) ಕೂರಿಸಿ, ಸಿಓಟು ವೆಲ್ಡಿಂಗ್ (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಮರೆಯಲ್ಲಿ ಕರೆಂಟಿನಿಂದ ತಂತಿ ಕರಗಿಸಿ ಬೆಸೆಯುವುದು) ಮಾಡಿಸಿ. ನನ್ನ ತೀರ್ಪು ಇದೇ, ಮೊದಲೇ ಹೇಳಿಬಿಡುತ್ತೇನೆ. ನನ್ನ ಪದ್ಮಿನಿ ಕಾರಿನ ಬಲಗಡೆ, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಹೀಗೆ ಆಗಿದೆ. ಎಡಗಡೆಯದು ಗ್ಯಾಸ್ ವೆಲ್ಡಿಂಗ್ (ಗ್ಯಾಸಿನ ಜ್ವಾಲೆಯಲ್ಲಿ ಕಾಯಿಸಿ ಬೆಸೆದದ್ದು), ಡಿಕ್ಕಿಯ ತಳ ಫೈಬರ್ ಗ್ಲಾಸ್. ಗಾಡಿ ಒಂದೇ, ನೆನೆದ ಮಳೆಯೂ ಒಂದೇ. ಯಾವುದು ತಾಳಿತು, ಯಾವುದು ಕೈಕೊಟ್ಟಿತು ಅನ್ನೋದು ಪಕ್ಕಪಕ್ಕದಲ್ಲೇ ಕಾಣುತ್ತದೆ.

ಗಾಡಿ 1974ರದ್ದು. ಅದುವರೆಗೆ ಪ್ರೀಮಿಯರ್ ಪ್ರೆಸಿಡೆಂಟ್ ಎನ್ನುತ್ತಿದ್ದ ಫಿಯೆಟ್‌ಗೆ ಪದ್ಮಿನಿ ಎಂಬ ಹೆಸರು ಬಂದ ವರ್ಷ. ದಾವಣಗೆರೆಯಲ್ಲೇ ಬಾಳಿದ ಗಾಡಿಯಾಗಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ, ನಮ್ಮ ಕಡೆಯದು ಒಣ ಹವೆ. ಇದು ಬಹಳ ವರ್ಷ ಉಡುಪಿ ಕಡೆ ಓಡಾಡಿ ಉಪ್ಪುಗಾಳಿ ಕುಡಿದು ಬಂದದ್ದು. ಮಾರಿದವರು ಕಣ್ಣು ಕುಕ್ಕುವ ಹಾಗೆ ಪೇಂಟ್ ಹೊಡೆಸಿದ್ದರು. ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಬಾಗಿಲಿನ ಕೆಳಗಡೆ ಆಡಿಸಿದರೆ ಎಷ್ಟೋ ಕಡೆ ಹಿಡಿಯಲೇ ಇಲ್ಲ. ಅಲ್ಲೆಲ್ಲ ತಗಡಿಲ್ಲ, ಬರೀ ಪುಟ್ಟಿ. ಅದನ್ನು ತೋರಿಸಿಯೇ ಬೆಲೆ ಇಳಿಸಿ ತಂದೆ.

ಪದ್ಮಿನಿಗೆ ಜೀಪಿನ ಹಾಗೆ ಕೆಳಗೆ ಬೇರೆ ಚಾಸಿ (ಭಾರ ಹೊರುವ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಒಳಗೆ ಟೊಳ್ಳಾದ ಉದ್ದನೆಯ ಪೆಟ್ಟಿಗೆ. ಗಾಡಿಯ ಮುಂಭಾಗ ಹಿಂಭಾಗಗಳನ್ನು ಬಾಗದಂತೆ ಹಿಡಿದಿರುವುದರಲ್ಲಿ ಅದರ ಪಾಲು ದೊಡ್ಡದು. ಅದಕ್ಕೇ ಅಲ್ಲಿ ಮೇಲೆ ಮುಚ್ಚುವ ಕೆಲಸ ನಡೆಯುವುದಿಲ್ಲ.

ಫೈಬರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಕ್ಕಿಯ ತಳದಲ್ಲಿ ಅಂಗೈಯಗಲ ತೂತಾಗಿತ್ತು. ಜಂಗು ಉಜ್ಜಿ, ರೆಸಿನ್‌ಗೆ ಹಾರ್ಡ್‌ನರ್ ಬೆರೆಸಿ, ಗಾಜಿನ ನಾರಿನ ಮ್ಯಾಟ್ ಹಾಸಿ ಮುಚ್ಚಿದರು. ಮೂರು ಸಾವಿರದೊಳಗೆ ಮುಗಿಯಿತು. ಬೆಂಕಿ ಹಚ್ಚುವ ಕೆಲಸವೇ ಇಲ್ಲದ್ದರಿಂದ ಪೆಟ್ರೋಲ್ ಟ್ಯಾಂಕ್ ಬಿಚ್ಚುವ ತಾಪತ್ರಯವೂ ಇಲ್ಲ. ಆದರೆ ಫೈಬರ್ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆಯೇ ಹೊರತು ಬೆಸೆದುಕೊಳ್ಳುವುದಿಲ್ಲ. ಅಂಚಿನಲ್ಲಿ ಉಳಿದ ಜಂಗು ಒಳಗೊಳಗೇ ಉಬ್ಬುತ್ತಾ ಹೋಗುತ್ತದೆ, ಯಾಕೆಂದರೆ ಕಬ್ಬಿಣಕ್ಕಿಂತ ಅದರ ಜಂಗಿಗೆ ಹೆಚ್ಚು ಜಾಗ ಬೇಕು. ನನ್ನ ಡಿಕ್ಕಿಯಲ್ಲಿ ಈಗ ಒಂದು ಅಂಚು ಉಗುರು ತೂರುವಷ್ಟು ಎದ್ದಿದೆ. ಭಾರ ಹೊರದ ಜಾಗವಾದ್ದರಿಂದ ಸದ್ಯಕ್ಕೆ ಇರಲಿ ಎಂದು ಬಿಟ್ಟಿದ್ದೇನೆ.

ಇನ್ನು ಎಡಗಡೆ. ಊರಿನ ಒಂದು ಹಳೇ ಗ್ಯಾರೇಜಿನಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡಿಸಿದ್ದು. ಪುಟ್ಟಿ ಸೇರಿ ಒಂಬತ್ತು ಸಾವಿರ. ಗ್ಯಾಸಿನ ಬೆಸುಗೆ ಮೆತ್ತಗಿರುತ್ತದೆ, ಸುತ್ತಿಗೆ, ಡಾಲಿ (ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ತಟ್ಟಿ ಸಮ ಮಾಡಬಹುದು. ಹಳೇ ಟಿಂಕರ್‌ಗಳು (ಕಾರಿನ ತಗಡು ಕೆಲಸದವರು) ಇದನ್ನೇ ಮೆಚ್ಚುವುದು ಸುಮ್ಮನೆ ಅಲ್ಲ. ಆದರೆ ಜ್ವಾಲೆ ಬೆಸುಗೆಯ ಗೆರೆಯನ್ನಷ್ಟೇ ಕಾಯಿಸುವುದಿಲ್ಲ, ಸುತ್ತಲಿನ ತಗಡನ್ನೆಲ್ಲ ಕಾಯಿಸುತ್ತದೆ. ಆರುವಾಗ ಅದು ಕುಗ್ಗಿ ಅಲೆ ಅಲೆಯಾಗುತ್ತದೆ, ಆ ಅಲೆ ಮುಚ್ಚಲು ಮತ್ತೆ ಪುಟ್ಟಿ. ಯಾವುದನ್ನು ಕಿತ್ತು ಹಾಕಲು ಹೋಗಿದ್ದೆವೋ ಅದೇ ವಾಪಸ್ ಬಂದು ಕೂತಿತು.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ನೀರಿನ ಕಾಟ. ಆಷಾಢದ ಮಳೆ ಹಿಡಿದಿದ್ದ ಒಂದು ಭಾನುವಾರ ಸೋದರಮಾವನನ್ನು ಕರೆದುಕೊಂಡು ಹರಿಹರದಿಂದ ಬರುತ್ತಿದ್ದೆ. ಅವರು ಅಲ್ಲಿನ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಕಿವಿ ಬಹಳ ಚುರುಕು. ತಿರುವಿನಲ್ಲಿ, "ಏನೋ ಅಳಿಯಾ, ನನ್ನ ಕಾಲಡಿ ನೀರು ತುಳುಕಿದಂಗೆ ಕೇಳ್ತೈತಲ್ಲೋ" ಅಂದರು. ಗಾಡಿ ಪಕ್ಕಕ್ಕೆ ಹಾಕಿ ಮ್ಯಾಟ್ ಎತ್ತಿದರೆ ಫ್ಲೋರ್ ಒಣಗಿಯೇ ಇತ್ತು. ಬ್ರೇಕ್ ಒತ್ತಿದರೆ ಮುಂದಕ್ಕೆ ಗುಳಕ್, ಬಿಟ್ಟರೆ ಹಿಂದಕ್ಕೆ ಗುಳಕ್.

ಮನೆಗೆ ಬಂದು ಎಡಗಡೆ ರನ್ನಿಂಗ್ ಬೋರ್ಡಿನ ಕೆಳಗೆ ಡ್ರಿಲ್ ಹಾಕಿದೆ. ತೂತಿನಿಂದ ಕಾಫಿ ಬಣ್ಣದ ನೀರು ಸಣ್ಣ ಧಾರೆಯಾಗಿ ಇಳಿಯಿತು, ಜೊತೆಗೆ ಜಂಗಿನ ಚಕ್ಕೆ, ವೆಲ್ಡಿಂಗಿನ ಕರಕಲು. ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆ ಪೆಟ್ಟಿಗೆಯ ತಳದಲ್ಲಿ ನೀರು ಹೋಗಲು ಕಂಪನಿಯವರೇ ತೂತು ಬಿಟ್ಟಿರುತ್ತಾರೆ. ಗ್ಯಾರೇಜಿನವರು ಹಳೇ ತಗಡಿನ ಮೇಲೇ ಹೊಸ ತಗಡು ಹೊದಿಸಿ, ತೂತನ್ನೂ ಸೇರಿಸಿ ಬೆಸೆದುಬಿಟ್ಟಿದ್ದರು. ಚಕ್ರ ಎರಚಿದ ನೀರು ಹೇಗೋ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಎರಡು ತಗಡಿನ ಸಂದಿಯಲ್ಲಿ ನಿಂತ ತೇವ ಬೇಸಿಗೆಯಲ್ಲೂ ಆರುವುದಿಲ್ಲ. ಹೊರಗೆ ಪೇಂಟ್ ಥಳಥಳ, ಒಳಗೆ ಹೊಸ ಶೀಟೂ ಕೊಳೆಯಲು ಶುರು. ಸಾಲದ್ದಕ್ಕೆ ಕೆಲಸ ಶುರು ಮಾಡುವ ಮೊದಲು ಬಾಗಿಲ ಜಾಗಕ್ಕೆ ಆಧಾರ ಕೊಟ್ಟಿರಲಿಲ್ಲ. ಬಾಡಿ ಕೂದಲೆಳೆಯಷ್ಟು ಕುಸಿದು, ಹಿಂದಿನ ಎಡ ಬಾಗಿಲನ್ನು ಇವತ್ತಿಗೂ ಸ್ವಲ್ಪ ಎತ್ತಿಯೇ ಹಾಕಬೇಕು. ಇವೆರಡೂ ಗ್ಯಾಸಿನ ತಪ್ಪಲ್ಲ, ಕೆಲಸದ ತಪ್ಪು, ಅದನ್ನು ಒಪ್ಪುತ್ತೇನೆ. ಆದರೆ ಮೇಲೆ ಹೊದಿಸಿ ಬೆಸೆಯುವ ರೂಢಿ ನಾನು ವಿಚಾರಿಸಿದ ಗ್ಯಾಸ್ ಕೆಲಸದವರಲ್ಲೇ ಹೆಚ್ಚು ಕಂಡಿತು.

ಬಲಗಡೆಗೆ ಹಳೇ ಪಿ.ಬಿ. ರಸ್ತೆಯ ಕಡೆಯ ಒಬ್ಬ ಟಿಂಕರ್ ಸಿಕ್ಕರು. ಕೆಲಸ ಒಪ್ಪುವ ಮೊದಲು ಸ್ಕ್ರೂಡ್ರೈವರ್ ಹಿಡಿದು ಉದ್ದಕ್ಕೂ ಚುಚ್ಚಿ ನೋಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಆ ಗೆರೆ ನಾನೆಣಿಸಿದ್ದಕ್ಕಿಂತ ಒಂದು ಗೇಣು ಮೇಲಕ್ಕಿತ್ತು. "ಗಟ್ಟಿ ತಗಡು ಸಿಗೋವರೆಗೂ ಕತ್ತರಿಸ್ಬೇಕು ಸಾರ್. ಕೊಳೆತಿದ್ದಕ್ಕೆ ಬೆಸುಗೆ ಹಾಕಿದ್ರೆ ಕೂರಲ್ಲ" ಅಂದರು. ಬಾಗಿಲ ಜಾಗಕ್ಕೆ ಅಡ್ಡಲಾಗಿ ಆಂಗ್ಲರ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಬೆಸೆದ ಮೇಲೆಯೇ ಗ್ರೈಂಡರ್ ಕೈಗೆತ್ತಿಕೊಂಡದ್ದು. ಬ್ಯಾಟರಿ ಕಳಚಿ, ಟ್ಯಾಂಕ್ ಇಳಿಸಿ ದೂರ ಇಟ್ಟಿದ್ದರು.

ಶೀಟು 20 ಗೇಜ್, ಅಂದರೆ ಒಂದು ಮಿಲಿಮೀಟರಿಗೆ ಚೂರು ಕಡಿಮೆ. ಸತು ಲೇಪಿಸಿದ ಜಿಐ ಶೀಟ್ ಆದರೆ ಜಂಗು ಹಿಡಿಯಲ್ಲವಲ್ಲ ಎಂದು ಕೇಳಿದ್ದಕ್ಕೆ ಬೇಡವೆಂದರು. ಬೆಸೆಯುವಾಗ ಸತು ಸುಟ್ಟು ಏಳುವ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಬೆಸೆದ ಜಾಗದಲ್ಲಿ ಸತುವೂ ಉಳಿಯುವುದಿಲ್ಲ. ಶೀಟಿಗೆ ಮಡಿಕೆ ಎಲ್ಲಿ ಹಾಕಿಸುವುದು ಎಂಬ ಯೋಚನೆ ಕಬ್ಬಿಣದ ಬೀರು ಮಾಡುವ ಅಂಗಡಿಯಲ್ಲಿ ಪರಿಹಾರವಾಯಿತು. ಅಲ್ಲಿನ ಬೆಂಡಿಂಗ್ ಮಷೀನಿನಲ್ಲಿ ಹಳೇ ತುಂಡಿನ ಅಳತೆಗೆ ಸರಿಯಾಗಿ ಮಡಚಿಕೊಟ್ಟರು. ಪಾರ್ಟ್ಸ್ ಅಂಗಡಿಯ ರೆಡಿಮೇಡ್ ಪೀಸಿಗಿಂತ ಇದು ಚೆನ್ನಾಗಿ ಕೂತಿತು.

ಹೊಸದನ್ನು ಹಳೆಯದರ ಮೇಲೆ ಹೊದಿಸಲಿಲ್ಲ, ಅಂಚಿಗೆ ಅಂಚು ಕೂಡಿಸಿದರು. ಇಲ್ಲೊಂದು ಬೆಸುಗೆಯ ಚುಕ್ಕೆ, ಒಂದು ಗೇಣು ಆಚೆ ಇನ್ನೊಂದು. ಮುಟ್ಟಿದರೆ ಕೈ ಸುಡದಷ್ಟು ಆರಿದ ಮೇಲೆ ನಡುವೆ ಮತ್ತೊಂದು. ಒಂದೇ ಸಮನೆ ಎಳೆದರೆ ಇಷ್ಟು ತೆಳು ತಗಡು ತೂತು ಬೀಳುತ್ತದೆ. ಬೆಸುಗೆ ಗಟ್ಟಿಯಾದ್ದರಿಂದ ಉಜ್ಜಿ ಸಮ ಮಾಡಲು ಹೊತ್ತು ಬೇಕು. ಗಾಳಿಯದೂ ಒಂದು ತೊಂದರೆ. ಶೆಡ್ಡು ತೆರೆದಿದ್ದರೆ ನಮ್ಮ ಬಯಲುಸೀಮೆಯ ಗಾಳಿಗೆ ಸಿಓಟು ಹಾರಿಹೋಗಿ ಬೆಸುಗೆ ತುಂಬ ಸಣ್ಣ ಸಣ್ಣ ತೂತು. ತಾಡಪಾಲು ಕಟ್ಟಿಕೊಂಡು ಮಾಡಿದರು. ನೀರಿನ ತೂತುಗಳನ್ನು ಹಳೇ ತುಂಡಿನಲ್ಲಿದ್ದ ಜಾಗಕ್ಕೇ ಕೊರೆದು, ಅವುಗಳ ಮೂಲಕವೇ ಒಳಗೆ ತೇವ ತಡೆಯುವ ವ್ಯಾಕ್ಸ್ ಸ್ಪ್ರೇ ಮಾಡಿದರು. ಒಟ್ಟು ಹದಿನಾಲ್ಕು ಸಾವಿರ. ಮಳೆಗಾಲ ಕಳೆದ ಮೇಲೆ ಟಾರ್ಚ್ ಹಾಕಿ ತೂತಿನಲ್ಲಿ ಇಣುಕಿದರೆ ವ್ಯಾಕ್ಸ್ ಹಾಗೇ ಇದೆ, ಕೆಂಪು ಎಲ್ಲೂ ಇಲ್ಲ.

ಸ್ಕ್ರ್ಯಾಪಿನಿಂದ ಸೆಕೆಂಡ್‌ಹ್ಯಾಂಡ್ ಪ್ಯಾನೆಲ್ ತರುವುದು ಬೋಲ್ಟಿನಲ್ಲಿ ಕೂರುವ ಬಾನೆಟ್ ಥರದ್ದಕ್ಕೆ ಸರಿ, ಮಿಕ್ಕದ್ದಕ್ಕೆ ಬೇಡ: ಬೇರೆಯವರ ಜಂಗನ್ನು ಕೊಂಡು ತಂದಂತೆ.

ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರ ಜುಲೈನಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮವನ್ನೂ ನೋಡಿಕೊಳ್ಳಿ. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಚಾಲ್ತಿ. ಚಾಸಿ, ಬಾಡಿ ಶೆಲ್, ಎಂಜಿನ್ ಮಾರ್ಪಾಡಾಗಿರಬಾರದು ಎನ್ನುತ್ತದೆ ನಿಯಮ. ಮೂಲ ಆಕಾರಕ್ಕೇ ತುಂಡು ಕೂಡಿಸುವುದರ ಇನ್ನೊಂದು ಲಾಭ ಇದು. ಆ ನೋಂದಣಿ ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನನಗೆ ವಾರಕ್ಕೊಮ್ಮೆಯಾದರೂ ಹರಿಹರಕ್ಕೋ ಚಿತ್ರದುರ್ಗಕ್ಕೋ ಹೋಗಿಬರಬೇಕು, ಹಾಗಾಗಿ ಅದರ ತಂಟೆಗೆ ಹೋಗಿಲ್ಲ.

ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿ ಮದುವೆ ಮೆರವಣಿಗೆಗೆ ಮಾತ್ರ ತೆಗೆಯುವವರಿಗೆ ಡಿಕ್ಕಿಯಂಥ ಕಡೆ ಫೈಬರ್ ಸಾಕು. ನನ್ನ ಹಾಗೆ ಮಳೆಯಲ್ಲೂ ಓಡಿಸುವವರು, ಒಂದೇ ಸಲಕ್ಕೆ ಅಷ್ಟು ದುಡ್ಡು ಇಲ್ಲವೆಂದರೆ, ಒಂದೊಂದೇ ಕಡೆ ಮಾಡಿಸಿ, ಮೊದಲು ರನ್ನಿಂಗ್ ಬೋರ್ಡ್. ಪೇಂಟಿಗೆ ಅವಸರ ಬೇಡ, ಪ್ರೈಮರ್‌ನಲ್ಲೇ ಓಡಿಸಿದರೂ ಪರವಾಗಿಲ್ಲ, ತುಂಬ ದಿನ ನೀರಿಗೆ ಬಿಡಬೇಡಿ ಅಷ್ಟೇ. ನನ್ನ ಎಡಗಡೆಯನ್ನು ದೀಪಾವಳಿ ಆದ ಮೇಲೆ ಅದೇ ಟಿಂಕರ್ ಹತ್ತಿರ ಪೂರ್ತಿ ಕತ್ತರಿಸಿ ಮಾಡಿಸುತ್ತೇನೆ, ಅಡ್ವಾನ್ಸ್ ಕೊಟ್ಟಾಗಿದೆ.